ಮಂಜೇಶ್ವರದ ಕೊನೆಯ ಸೊನ್ನೆ: ವಿಕಿಪೀಡಿಯ ಸಂಪಾದಕರ ಜಗಳ ಮತ್ತು ಗಡಿನಾಡು

ಮಂಜೇಶ್ವರ ಎಂದು ಬರೆದರೆ ಕನ್ನಡ, ಮಂಜೇಶ್ವರಂ ಎಂದು ಬರೆದರೆ ಮಲಯಾಳ. ನಡುವೆ ಇರುವುದು ಒಂದೇ ಒಂದು ಸೊನ್ನೆ. ಕಾಸರಗೋಡು ಜಿಲ್ಲೆಯಲ್ಲಿ ಈ ಸೊನ್ನೆಗೆ ಎಷ್ಟು ತೂಕವಿದೆ ಎಂಬುದು ಹೊರಗಿನವರಿಗೆ ಸುಲಭವಾಗಿ ತಿಳಿಯುವಂಥದ್ದಲ್ಲ. 2021ರ ಜೂನ್ ತಿಂಗಳಲ್ಲಿ ಜಿಲ್ಲೆಯ ಕೆಲವು ಊರುಗಳ ಹೆಸರು ಬದಲಾಗಲಿದೆ, ಮಧೂರು ಮಧುರಂ ಆಗಲಿದೆ, ಮಲ್ಲ ಮಲ್ಲಂ ಆಗಲಿದೆ, ಬೇಡಡ್ಕ ಬೇಡಗಂ ಆಗಲಿದೆ ಎಂಬ ಸುದ್ದಿ ಹಬ್ಬಿದಾಗ ಕರ್ನಾಟಕದ ರಾಜಕಾರಣಿಗಳು ಪಕ್ಷಭೇದವಿಲ್ಲದೆ ದನಿಯೆತ್ತಿದರು. ಅಂಥ ಪ್ರಸ್ತಾವವೇ ತನ್ನ ಮುಂದಿಲ್ಲ ಎಂದು ಕೇರಳ ಸರಕಾರ ಹೇಳಿತು. ಅಲ್ಲಿಗೆ ಸುದ್ದಿ ತಣ್ಣಗಾಯಿತು. ಆದರೆ ಯಾವ ಆದೇಶವೂ ಇಲ್ಲದೆ, ಯಾವ ಪತ್ರವ್ಯವಹಾರವೂ ಇಲ್ಲದೆ, ಊರ ಹೆಸರಿನ ಕೊನೆಗೆ ಸೊನ್ನೆ ಸೇರುವ, ಅಳಿಯುವ, ಮತ್ತೆ ಸೇರುವ ಜಾಗ ಇನ್ನೊಂದಿದೆ. ಅದು ವಿಕಿಪೀಡಿಯ.

ಇದನ್ನು ಬರೆಯುತ್ತಿರುವ ನಾನೂ ಆ ಜಗಳದಲ್ಲಿ ಒಬ್ಬ ಪಾಲುದಾರ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನಮ್ಮ ಕಡೆಯ ಗ್ರಾಮವೊಂದರ ಇಂಗ್ಲಿಷ್ ಪುಟವನ್ನು ನೋಡುತ್ತಿದ್ದಾಗ ಹೆಸರಿನ ಕೊನೆಗೆ ಅಂಟಿಕೊಂಡಿದ್ದ ‘ಎಂ’ ಅಕ್ಷರ ಕಣ್ಣಿಗೆ ಚುಚ್ಚಿತು. ತೆಗೆದೆ. ‘ಊರವರು ಕರೆಯುವ ಹೆಸರು’ ಎಂದು ಕಾರಣ ಬರೆದೆ. ಬೆಳಿಗ್ಗೆ ಎದ್ದು ನೋಡಿದರೆ ಆ ಅಕ್ಷರ ತನ್ನ ಜಾಗಕ್ಕೆ ಬಂದು ಕುಳಿತಿತ್ತು. ‘ಅಧಿಕೃತ ಹೆಸರು’ ಎಂದು ಎದುರಿನವರು ಕಾರಣ ಕೊಟ್ಟಿದ್ದರು. ನಾನು ಮತ್ತೆ ತೆಗೆದೆ, ಅವರು ಮತ್ತೆ ಸೇರಿಸಿದರು. ಮೂರನೆಯ ಸಲಕ್ಕೆ ನನ್ನ ಖಾತೆಯ ಚರ್ಚೆ ಪುಟದಲ್ಲಿ ಒಂದು ಎಚ್ಚರಿಕೆಯ ಒಕ್ಕಣೆ ಬಂದು ಬಿದ್ದಿತ್ತು. ಸಿಟ್ಟಿನಲ್ಲೇ ಲೇಖನದ ಇತಿಹಾಸವನ್ನು ತೆರೆದೆ. ನಮ್ಮಿಬ್ಬರಿಗಿಂತ ಮೊದಲೇ ಬೇರೆ ನಾಲ್ಕೈದು ಮಂದಿ ಅದೇ ಅಕ್ಷರವನ್ನು ತೆಗೆದು, ಸೇರಿಸಿ, ಸುಸ್ತಾಗಿ ಬಿಟ್ಟುಹೋಗಿದ್ದರು. ಅಷ್ಟು ಜನರಲ್ಲಿ, ನನ್ನನ್ನೂ ಸೇರಿಸಿ, ಒಬ್ಬರೂ ಒಂದೇ ಒಂದು ಮೂಲವನ್ನು ತೋರಿಸಿರಲಿಲ್ಲ.

ವಿಕಿಪೀಡಿಯದ ಜಗಳಗಳ ಕೀಲಿ ಇರುವುದು ಈ ಕೊನೆಯ ಮಾತಿನಲ್ಲಿ. ಹೊರಗಿನಿಂದ ನೋಡುವವರಿಗೆ ಅದು ಸತ್ಯಕ್ಕಾಗಿ ನಡೆಯುವ ಹೋರಾಟದಂತೆ ಕಾಣುತ್ತದೆ. ಒಳಹೊಕ್ಕು ಒಂದೆರಡು ಸಲ ಪೆಟ್ಟು ತಿಂದ ಮೇಲೆ, ಅಲ್ಲಿ ತೀರ್ಮಾನವಾಗುವುದು ಯಾರ ಬಳಿ ಅಚ್ಚಾದ ಆಧಾರವಿದೆ ಎಂಬುದಷ್ಟೇ ಎಂದು ತಿಳಿಯುತ್ತದೆ. 2001ರ ಜನವರಿ 15ರಂದು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಆರಂಭಿಸಿದ ಈ ವಿಶ್ವಕೋಶದ ಬರವಣಿಗೆ ಮೂರು ನಿಯಮಗಳ ಮೇಲೆ ನಿಂತಿದೆ: ಬರೆಯುವವರು ಯಾರ ಪಕ್ಷವನ್ನೂ ವಹಿಸಬಾರದು, ಬರೆದದ್ದನ್ನು ಓದುಗರು ಬೇರೊಂದು ನಂಬಲರ್ಹ ಮೂಲದಲ್ಲಿ ಪರಿಶೀಲಿಸಿಕೊಳ್ಳಲು ಸಾಧ್ಯವಿರಬೇಕು, ತಾನೇ ಕಂಡುಹಿಡಿದದ್ದನ್ನು, ಅದು ಎಷ್ಟೇ ನಿಜವಾಗಿರಲಿ, ಅಲ್ಲಿ ಮೊದಲ ಬಾರಿಗೆ ಪ್ರಕಟಿಸಬಾರದು. ನಮ್ಮ ಕಡೆ ಜಾಗದ ದಸ್ತಾವೇಜನ್ನು ‘ಆಧಾರ’ ಎಂದೇ ಕರೆಯುತ್ತಾರೆ. ಅಜ್ಜನ ಕಾಲದಿಂದ ಉಳುಮೆ ಮಾಡಿಕೊಂಡು ಬಂದ ಜಾಗವಾದರೂ ಆಧಾರ ಇಲ್ಲದಿದ್ದರೆ ತಕರಾರಿನಲ್ಲಿ ನಿಲ್ಲುವುದು ಕಷ್ಟ. ವಿಕಿಪೀಡಿಯದ ನ್ಯಾಯವೂ ಬಹುಮಟ್ಟಿಗೆ ಇದೇ. ಊರಿನಲ್ಲಿ ಹುಟ್ಟಿ ಬೆಳೆದವನು ಎಂಬ ಅರ್ಹತೆಗೆ ಅಲ್ಲಿ ಬೆಲೆಯಿಲ್ಲ. ಏಕೆಂದರೆ ಪರದೆಯ ಆಚೆ ಕುಳಿತವನು ಊರವನೋ ಅಲ್ಲವೋ ಎಂದು ನೋಡುವ ದಾರಿಯೇ ಇಲ್ಲ.

ಜಗಳ ಶುರುವಾದ ಮೇಲೆ ಅದು ಸಾಗುವ ದಾರಿಯನ್ನೂ ಸ್ವಲ್ಪ ವಿವರಿಸಬೇಕು. ಪ್ರತಿಯೊಂದು ಲೇಖನದ ಬೆನ್ನಿಗೆ ಒಂದು ಚರ್ಚೆ ಪುಟವಿರುತ್ತದೆ. ಒಬ್ಬರು ಧೈರ್ಯಮಾಡಿ ತಿದ್ದಬಹುದು; ಒಪ್ಪದವರು ಅದನ್ನು ರದ್ದು ಮಾಡಬಹುದು; ಅಲ್ಲಿಂದ ಮುಂದೆ ತಿದ್ದುವುದನ್ನು ನಿಲ್ಲಿಸಿ ಚರ್ಚೆ ಪುಟಕ್ಕೆ ಬರಬೇಕು ಎಂಬುದು ಒಳ್ಳೆಯ ರೂಢಿ. ಈ ರೂಢಿಯನ್ನು ಮೀರಿ ಹಗ್ಗಜಗ್ಗಾಟಕ್ಕೆ ಇಳಿಯುವವರಿಗಾಗಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ‘ಮೂರು ರದ್ದತಿ’ಯ ನಿಯಮವಿದೆ. ಒಂದು ಪುಟದಲ್ಲಿ 24 ಗಂಟೆಯೊಳಗೆ ಒಬ್ಬ ಸಂಪಾದಕ ಇತರರ ತಿದ್ದುಪಡಿಗಳನ್ನು ಮೂರಕ್ಕಿಂತ ಹೆಚ್ಚು ಸಲ ರದ್ದು ಮಾಡಿದರೆ ನಿರ್ವಾಹಕರು ಅವನ ಖಾತೆಯನ್ನು ತಡೆಹಿಡಿಯಬಹುದು. ಅವನ ಮಾತು ಸರಿಯಿತ್ತೇ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಚರ್ಚೆಯಲ್ಲಿ ಇಬ್ಬರೂ ಬಗ್ಗದಿದ್ದರೆ ಹೊರಗಿನ ಸಂಪಾದಕರ ಅಭಿಪ್ರಾಯ ಕೇಳಬಹುದು. ಕೊನೆಗೆ ತೀರ್ಮಾನವಾಗಬೇಕಾದದ್ದು ಸಹಮತದಿಂದ, ಕೈಯೆಣಿಕೆಯಿಂದಲ್ಲ. ಹತ್ತು ಮಂದಿ ಬಂದು ‘ನನ್ನದೂ ಇದೇ ಅಭಿಪ್ರಾಯ’ ಎಂದರೂ, ಒಬ್ಬರೇ ಒಬ್ಬರು ಗಟ್ಟಿ ಮೂಲವನ್ನು ತಂದಿಟ್ಟರೆ ಆ ಒಬ್ಬರ ಮಾತು ನಿಲ್ಲಬೇಕು ಎಂಬುದು ತತ್ತ್ವ. ಆಚರಣೆಯಲ್ಲಿ ಅದು ಯಾವಾಗಲೂ ಹಾಗೇ ನಡೆಯುತ್ತದೆ ಎಂದು ನಾನು ಪ್ರಮಾಣ ಮಾಡಲಾರೆ. ಬಿಡುವು ಹೆಚ್ಚಿರುವವನು, ನಿಯಮಗಳ ಅಡ್ಡಹೆಸರುಗಳನ್ನು ಬಾಯಿಪಾಠ ಮಾಡಿಕೊಂಡವನು, ರಾತ್ರಿ ಒಂದು ಗಂಟೆಗೂ ಎದ್ದು ಕುಳಿತಿರುವವನು ಬಹಳ ಸಲ ಗೆಲ್ಲುತ್ತಾನೆ.

ಗಡಿನಾಡಿನ ಹೆಸರುಗಳ ಜಗಳ ನಮಗೆ ಮಾತ್ರ ಬಂದ ಕಷ್ಟವಲ್ಲ. ಇಂಗ್ಲಿಷ್ ವಿಕಿಪೀಡಿಯದ ಆರಂಭದ ದಿನಗಳ ಹೆಸರಾಂತ ಜಗಳಗಳಲ್ಲಿ ಒಂದು ನಡೆದದ್ದು ಪೋಲೆಂಡಿನ ಒಂದು ಬಂದರು ನಗರದ ಬಗ್ಗೆ. ಪೋಲಿಷ್ ಭಾಷಿಕರಿಗೆ ಅದು ಗ್ದಾನ್ಸ್ಕ್, ಜರ್ಮನ್ ಭಾಷಿಕರಿಗೆ ಡಾಂಟ್ಸಿಗ್. ಆ ನಗರ ಶತಮಾನಗಳ ಉದ್ದಕ್ಕೂ ಕೈಯಿಂದ ಕೈಗೆ ಹೋದದ್ದರಿಂದ ಎರಡು ಹೆಸರಿಗೂ ಬೇಕಾದಷ್ಟು ಆಧಾರಗಳಿದ್ದವು. ತಿದ್ದಿ ತಿದ್ದಿ ಸಾಕಾದ ಮೇಲೆ 2005ರಲ್ಲಿ ಮತ ಹಾಕಿದರು. 1308ರಿಂದ 1945ರವರೆಗಿನ ಸಂಗತಿಗಳನ್ನು ಬರೆಯುವಾಗ ಡಾಂಟ್ಸಿಗ್, ಅದಕ್ಕಿಂತ ಹಿಂದಿನ ಮತ್ತು ಮುಂದಿನ ಸಂಗತಿಗಳಿಗೆ ಗ್ದಾನ್ಸ್ಕ್ ಎಂದು ತೀರ್ಮಾನವಾಯಿತು. ಎರಡು ದೇಶಗಳ ಇತಿಹಾಸ ಹಂಚಿಕೊಂಡ ಊರುಗಳ ಹೆಸರು ಮೊದಲ ಸಲ ಬಂದಾಗ ಇನ್ನೊಂದು ಹೆಸರನ್ನೂ ಜೊತೆಗೆ ಕೊಡಬೇಕು ಎಂದೂ ಆಯಿತು. ಸಹಮತವೇ ದಾರಿ ಎನ್ನುವ ಜಾಗದಲ್ಲಿ ಮತದಾನ ಮಾಡಬೇಕಾಗಿ ಬಂದದ್ದು ಸೋಲೇ ಸರಿ. ಆದರೆ ಆ ಸೂತ್ರದಲ್ಲಿ ಒಂದು ವಿವೇಕವಿದೆ. ಹೆಸರು ಊರಿಗೆ ಮಾತ್ರ ಸೇರಿದ್ದಲ್ಲ, ಕಾಲಕ್ಕೂ ಸೇರಿದ್ದು ಎಂದು ಅದು ಒಪ್ಪಿಕೊಂಡಿತು. ಕಾಸರಗೋಡಿಗೆ ಇದೇ ಸೂತ್ರವನ್ನು ಹಾಕಿ ನೋಡಿ. 1956ರ ನವೆಂಬರ್ 1ರವರೆಗೆ ಇದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಮೇಲೆ ಕೇರಳ. 1984ರ ಮೇ 24ರಿಂದ ಪ್ರತ್ಯೇಕ ಜಿಲ್ಲೆ. 1883ರಲ್ಲಿ ಹುಟ್ಟಿದ ರಾಷ್ಟ್ರಕವಿ ಗೋವಿಂದ ಪೈಗಳ ಬದುಕನ್ನು ಬರೆಯುವಾಗ ಅವರ ಊರು ಮಂಜೇಶ್ವರ. ಇಂದಿನ ತಾಲೂಕು ಕಚೇರಿಯ ಬಗ್ಗೆ ಬರೆಯುವಾಗ ಕಚೇರಿಯ ಫಲಕದಲ್ಲಿರುವುದು. ಇದನ್ನು ಹೇಳಿದರೆ ಎರಡೂ ಕಡೆಯವರು ಮುಖ ಗಂಟಿಕ್ಕುತ್ತಾರೆ ಎಂಬುದು ನನ್ನ ಅನುಭವ.

‘ಅಧಿಕೃತ ಹೆಸರು’ ಎಂದು ನನ್ನ ಎದುರಾಳಿ ಬರೆದ ಕಾರಣವೂ ಇಂಗ್ಲಿಷ್ ವಿಕಿಪೀಡಿಯದ ಲೆಕ್ಕದಲ್ಲಿ ಪೂರ್ತಿ ಗಟ್ಟಿಯಲ್ಲ. ಇಂಗ್ಲಿಷ್ ಮೂಲಗಳಲ್ಲಿ ಯಾವ ಹೆಸರು ಹೆಚ್ಚು ಬಳಕೆಯಲ್ಲಿದೆಯೋ ಅದೇ ಲೇಖನದ ತಲೆಬರಹವಾಗಬೇಕು ಎಂದು ಅಲ್ಲಿನ ನಿಯಮ. ಸರಕಾರದ ಆದೇಶಕ್ಕೆ ತಾನಾಗಿ ಮಣೆ ಹಾಕುವುದಿಲ್ಲ. ಕರ್ನಾಟಕ ಸರಕಾರ 2014ರ ನವೆಂಬರ್ 1ರಂದು ಬ್ಯಾಂಗಲೋರನ್ನು ಬೆಂಗಳೂರು ಮಾಡಿದ ಮೇಲೂ ಇಂಗ್ಲಿಷ್ ವಿಕಿಪೀಡಿಯದ ತಲೆಬರಹ ವರ್ಷಗಟ್ಟಲೆ ಬ್ಯಾಂಗಲೋರ್ ಎಂದೇ ಉಳಿಯಿತು. ಬದಲಿಸಬೇಕೆಂಬ ಬೇಡಿಕೆ ಬಂದಾಗಲೆಲ್ಲ ಚರ್ಚೆ ಬಿದ್ದುಹೋಗುತ್ತಿತ್ತು. ಅದನ್ನು ಕನ್ನಡದ ಅವಮಾನ ಎಂದು ಬೈದವರು ಬಹಳ. ಅದೇ ನಿಯಮ ಕಾಸರಗೋಡಿನ ಹಳ್ಳಿಯ ವಿಷಯದಲ್ಲಿ ಕನ್ನಡ ಹೆಸರಿನ ಪರವಾಗಿಯೂ ತಿರುಗಬಹುದು ಎಂಬುದನ್ನು ಬೈಯುವ ಭರದಲ್ಲಿ ಮರೆಯುತ್ತೇವೆ.

ಇನ್ನೊಂದು ತೀರ್ಮಾನ ನಮ್ಮ ಜಿಲ್ಲೆಗೆ ಇನ್ನೂ ನೇರವಾಗಿ ತಟ್ಟಿದೆ. ಭಾರತದ ವಿಷಯಗಳ ಇಂಗ್ಲಿಷ್ ಲೇಖನಗಳಲ್ಲಿ ಮೊದಲ ಸಾಲಿನಲ್ಲೇ ಹೆಸರನ್ನು ಭಾರತೀಯ ಲಿಪಿಗಳಲ್ಲಿ ಕೊಡುವ ರೂಢಿ ಹಿಂದೆ ಇತ್ತು. ಯಾವ ಲಿಪಿ ಮೊದಲು, ಯಾವುದು ಆಮೇಲೆ, ಯಾವುದು ಬೇಕೇ ಬೇಕು, ಯಾವುದು ಬೇಡ ಎಂದು ಅಲ್ಲಿ ನಡೆದ ಕಾದಾಟಕ್ಕೆ ಮಿತಿಯೇ ಇರಲಿಲ್ಲ. ಸಪ್ತಭಾಷಾ ಸಂಗಮಭೂಮಿ ಎಂದು ನಾವು ಅಭಿಮಾನದಿಂದ ಕರೆದುಕೊಳ್ಳುವ ಜಿಲ್ಲೆಯ ಒಂದು ಊರಿಗೆ ಮಲಯಾಳ, ಕನ್ನಡ, ತುಳು, ಕೊಂಕಣಿ, ಮರಾಠಿ, ಉರ್ದು, ಬ್ಯಾರಿ ಎಂದು ಏಳು ರೂಪಗಳನ್ನು ಜೋಡಿಸಿದರೆ ಲೇಖನ ಆರಂಭವಾಗುವ ಮೊದಲೇ ಅರ್ಧ ಪರದೆ ಮುಗಿಯುತ್ತದೆ. 2012ರಲ್ಲಿ ಸಂಪಾದಕರು ಚರ್ಚಿಸಿ ಪೀಠಿಕೆಯಲ್ಲಿ ಭಾರತೀಯ ಲಿಪಿಗಳೇ ಬೇಡ ಎಂಬ ನಿಲುವಿಗೆ ಬಂದರು. ಮನೆಯಲ್ಲಿ ಮಕ್ಕಳು ಆಟಿಕೆಗಾಗಿ ಕಿತ್ತಾಡಿದರೆ ಆಟಿಕೆಯನ್ನೇ ಅಟ್ಟಕ್ಕೆ ಹಾಕಿದಂತೆ. ಜಗಳ ನಿಂತಿತು, ನಿಜ. ಆದರೆ ಊರಿನ ಹೆಸರನ್ನು ಊರವರು ಹೇಗೆ ಬರೆಯುತ್ತಾರೆ ಎಂದು ತಿಳಿಯಲು ಬಂದ ಓದುಗನಿಗೆ ಸಿಗುತ್ತಿದ್ದ ಒಂದು ಸಣ್ಣ ಉಪಕಾರವೂ ಹೋಯಿತು. ಶಾಂತಿಗಾಗಿ ಮಾಹಿತಿಯನ್ನು ಬಲಿಕೊಟ್ಟ ಈ ತೀರ್ಮಾನ ನನಗೆ ಇಂದಿಗೂ ಸರಿಯೆನಿಸಿಲ್ಲ.

ಹೆಸರಿನ ಜಗಳ ಕಣ್ಣಿಗೆ ಬೇಗ ಬೀಳುತ್ತದೆ. ಹೆಚ್ಚು ಆಳವಾದದ್ದು ಮೂಲಗಳ ಜಗಳ. ಅಚ್ಚಾದದ್ದೇ ಆಧಾರ ಎಂದಮೇಲೆ ಯಾವ ಭಾಷೆಯಲ್ಲಿ, ಯಾವ ಊರಿನಲ್ಲಿ, ಯಾರು ಅಚ್ಚು ಹಾಕಿದರು ಎಂಬುದೇ ಮುಖ್ಯವಾಗುತ್ತದೆ. ಒಂದೇ ಸಂಗತಿಯನ್ನು ಚಂದ್ರಗಿರಿ ಹೊಳೆಯ ಆಚೆ ಒಂದು ರೀತಿ, ಈಚೆ ಇನ್ನೊಂದು ರೀತಿ ಅಚ್ಚು ಹಾಕಿದ್ದಾರೆ. ಆ ಹೊಳೆಗೂ ಮೇಲ್ಗಡೆ ಪಯಸ್ವಿನಿ ಎಂದು ಹೆಸರು, ಇಲ್ಲಿಗೆ ಬರುವಾಗ ಚಂದ್ರಗಿರಿ.

ಬೇಕಲ ಕೋಟೆಯನ್ನೇ ತೆಗೆದುಕೊಳ್ಳಿ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು ಎಂಬುದು ಕನ್ನಡದ ಪುಸ್ತಕಗಳಲ್ಲೂ ಬಹಳಷ್ಟು ಇಂಗ್ಲಿಷ್ ಬರಹಗಳಲ್ಲೂ ಇದೆ. ಅದಕ್ಕೂ ಮೊದಲೇ ಕೋಲತ್ತಿರಿ ಅರಸರ ಕಾಲದಲ್ಲಿ ಅಲ್ಲೊಂದು ಕೋಟೆಯಿತ್ತು, ಇಕ್ಕೇರಿಯವರು, ಎಂದರೆ ಕೆಳದಿಯ ಅರಸರು, ಅದನ್ನು ಬಲಪಡಿಸಿ ಮುಗಿಸಿದ್ದು ಎಂದು ಹೇಳುವವರೂ ಇದ್ದಾರೆ. ಇಲ್ಲಿ ವಿಕಿಪೀಡಿಯದ ಪಕ್ಷಪಾತವಿಲ್ಲದ ದೃಷ್ಟಿ ಎಂದರೆ ಎರಡನ್ನೂ ಅರ್ಧರ್ಧ ಹಂಚುವುದಲ್ಲ. ಯಾವ ಅಭಿಪ್ರಾಯಕ್ಕೆ ವಿದ್ವಾಂಸರ ಬರಹಗಳಲ್ಲಿ ಎಷ್ಟು ಬೆಂಬಲವಿದೆಯೋ ಲೇಖನದಲ್ಲೂ ಅದಕ್ಕೆ ಅಷ್ಟೇ ಜಾಗ, ಮತ್ತು ಯಾರ ಅಭಿಪ್ರಾಯ ಎಂದು ಹೆಸರಿಸಿ ಹೇಳುವುದು. ಇದು ಹೇಳಲು ಸುಲಭ. ಒಬ್ಬ ಸಂಪಾದಕನಿಗೆ ಕನ್ನಡ ಮಾತ್ರ ಓದಲು ಬರುತ್ತದೆ, ಇನ್ನೊಬ್ಬನಿಗೆ ಮಲಯಾಳ ಮಾತ್ರ ಎಂದಾದರೆ, ಇಬ್ಬರೂ ಪ್ರಾಮಾಣಿಕರಾಗಿದ್ದರೂ ಪ್ರತಿಯೊಬ್ಬನೂ ತನ್ನ ಕಪಾಟಿನಲ್ಲಿರುವುದೇ ಬಹುಮತ ಎಂದು ನಂಬಿರುತ್ತಾನೆ.

ಕುಂಬಳೆಯ ಪಾರ್ತಿಸುಬ್ಬನ ವಿಷಯ ಇನ್ನೂ ಸೂಕ್ಷ್ಮ. ತೆಂಕುತಿಟ್ಟು ಯಕ್ಷಗಾನದ ಪಿತಾಮಹ ಎಂದು ನಮ್ಮಲ್ಲಿ ಮಗುವಿಗೂ ಗೊತ್ತು. ಆದರೆ ಆತನ ಕಾಲ ಯಾವುದು, ಆತನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳೆಲ್ಲ ಆತನವೇ ಎಂಬ ಬಗ್ಗೆ ಕನ್ನಡದ ದೊಡ್ಡ ವಿದ್ವಾಂಸರ ನಡುವೆಯೇ ಭಿನ್ನಾಭಿಪ್ರಾಯ ಇತ್ತು, ಇದೆ. ಅದರ ಜೊತೆಗೆ, ಆ ಪ್ರಸಂಗಗಳಿಗೂ ಕಥಕಳಿಗೆ ಮೂಲವಾದ, ಕೊಟ್ಟಾರಕ್ಕರ ತಂಬುರಾನರ ರಾಮನಾಟ್ಟಕ್ಕೂ ನಡುವೆ ಇರುವ ಹೋಲಿಕೆ. ಯಾರಿಂದ ಯಾರಿಗೆ ಬಂತು? ಒಂದು ಭಾಷೆಯ ವಿಕಿಪೀಡಿಯದಲ್ಲಿ ‘ಪ್ರಭಾವಿಸಿತು’ ಎಂಬ ಒಂದೇ ಕ್ರಿಯಾಪದದ ದಿಕ್ಕನ್ನು ತಿರುಗಿಸಿದರೆ ಇಡೀ ಒಂದು ಕಲೆಯ ಚರಿತ್ರೆ ಅಡಿಮೇಲಾಗುತ್ತದೆ. ತಾಳಮದ್ದಲೆಯಲ್ಲಿ ಎರಡು ಪಕ್ಷದ ಅರ್ಥಧಾರಿಗಳು ರಾತ್ರಿಯಿಡೀ ವಾದಿಸಿ, ಬೆಳಿಗ್ಗೆ ಒಂದೇ ಚಾಪೆಯಲ್ಲಿ ಚಹಾ ಕುಡಿದು ಏಳುತ್ತಾರೆ. ಅಲ್ಲಿ ವಾದ ಹೇಗೆ ನಡೆಯಬೇಕು ಎಂಬುದನ್ನು ಭಾಗವತರು ಹಿಡಿದಿಟ್ಟಿರುತ್ತಾರೆ. ಚರ್ಚೆ ಪುಟಗಳಲ್ಲಿ ಭಾಗವತರಿಲ್ಲ, ಎದುರಿನವನ ಮುಖವೂ ಕಾಣುವುದಿಲ್ಲ. ಲಿಖಿತ ಮಾತಿಗೆ ದನಿಯ ಏರಿಳಿತವಿಲ್ಲದ ಕಾರಣ ‘ಮೂಲ ಕೊಡಿ’ ಎಂಬ ಎರಡು ಪದವೂ ಬೈದಂತೆ ಕೇಳಿಸುತ್ತದೆ.

ಅಚ್ಚಾದದ್ದನ್ನೆಲ್ಲ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅನಂತಪುರದ ಬಬಿಯಾ ಸಾಕ್ಷಿ. ಕುಂಬಳೆಯ ಹತ್ತಿರದ ಸರೋವರ ದೇವಾಲಯದಲ್ಲಿದ್ದ ಆ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ದೇಶದ ನಾನಾ ಭಾಷೆಗಳ ಪತ್ರಿಕೆಗಳು ‘ಸಸ್ಯಾಹಾರಿ ಮೊಸಳೆ’ ಎಂದೇ ಬರೆದವು. ದೇವರ ನೈವೇದ್ಯವನ್ನು ತಿನ್ನುತ್ತಿತ್ತು, ಯಾರಿಗೂ ಹಾನಿ ಮಾಡಿರಲಿಲ್ಲ ಎಂಬುದನ್ನು ಊರವರೆಲ್ಲ ಹೇಳುತ್ತಾರೆ. ನಾನೂ ದಡದಲ್ಲಿ ನಿಂತು ನೋಡಿದವನೇ. ಆದರೆ ಸಿಹಿನೀರಿನ ಮೊಸಳೆ ಜೀವಶಾಸ್ತ್ರದ ಪ್ರಕಾರ ಮಾಂಸಾಹಾರಿ, ಕೆರೆಯಲ್ಲಿ ಅದು ಮೀನು ತಿನ್ನಲಿಲ್ಲ ಎಂದು ಯಾರೂ ಕಾದು ಕುಳಿತು ಪರೀಕ್ಷಿಸಿದ್ದಿಲ್ಲ. ಇಪ್ಪತ್ತು ಪತ್ರಿಕೆಗಳು ಬರೆದಿವೆ ಎಂದು ಒಬ್ಬ ಸಂಪಾದಕ ವಾದಿಸಬಹುದು. ಇಪ್ಪತ್ತೂ ಒಂದೇ ಮಾತನ್ನು ಒಬ್ಬರಿಂದೊಬ್ಬರು ಎತ್ತಿಕೊಂಡದ್ದು, ಹಾಗಾಗಿ ಅದು ಒಂದೇ ಮೂಲ ಎಂದು ಇನ್ನೊಬ್ಬ ಹೇಳಬಹುದು. ಇಂಥಲ್ಲಿ ಜಗಳದಿಂದ ಹುಟ್ಟುವ ಸರಿಯಾದ ವಾಕ್ಯ ಹೀಗಿರುತ್ತದೆ: ಅದು ನೈವೇದ್ಯವನ್ನಷ್ಟೇ ತಿನ್ನುತ್ತಿತ್ತು ಎಂಬುದು ಭಕ್ತರ ನಂಬಿಕೆ. ನಂಬಿಕೆಯನ್ನು ಅಳಿಸಿಲ್ಲ, ಸಂಗತಿಯೆಂದು ನಟಿಸಿಯೂ ಇಲ್ಲ. ಇಬ್ಬರು ಜಗಳವಾಡದೆ ಇಂಥ ವಾಕ್ಯ ಬರುವುದಿಲ್ಲ. ಒಬ್ಬನೇ ಬರೆದರೆ ಭಕ್ತನ ವಾಕ್ಯ ಬರುತ್ತದೆ, ಇಲ್ಲವೇ ಗೇಲಿ ಮಾಡುವವನ ವಾಕ್ಯ.

ಅಂಕಿಸಂಖ್ಯೆಯಾದರೂ ನಿರ್ವಿವಾದವಾಗಿರುತ್ತದೆ ಎಂದುಕೊಳ್ಳಬೇಡಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 13,07,375. ಅದರಲ್ಲಿ ಕನ್ನಡಿಗರು ಎಷ್ಟು? ಗಣತಿ ಕೇಳುವುದು ಮಾತೃಭಾಷೆಯನ್ನು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಮರಾಠಿ ಆಡಿ, ಕನ್ನಡ ಮಾಧ್ಯಮದಲ್ಲಿ ಓದಿ, ಅರ್ಜಿಯನ್ನು ಕನ್ನಡದಲ್ಲಿ ಬರೆದು, ಪತ್ರಿಕೆಯನ್ನು ಕನ್ನಡದಲ್ಲೇ ಓದುವ ಮನುಷ್ಯ ಗಣತಿಯ ‘ಕನ್ನಡ’ ಸಾಲಿನಲ್ಲಿ ಸಿಗುವುದಿಲ್ಲ. ಹಾಗಾಗಿ ಗಣತಿಯ ಕನ್ನಡ ಸಾಲನ್ನಷ್ಟೇ ಎತ್ತಿ ಹಾಕುವವನಿಗೂ, ತುಳು ಕೊಂಕಣಿಗಳನ್ನೆಲ್ಲ ಕೂಡಿಸಿ ಗಡಿನಾಡ ಕನ್ನಡಿಗರ ಸಂಖ್ಯೆ ಎಂದು ಬರೆಯುವವನಿಗೂ ತಮ್ಮ ತಮ್ಮ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಮೊದಲನೆಯವನು ಅಂಕಿಯನ್ನು ಇದ್ದಂತೆ ಕೊಟ್ಟಿದ್ದಾನೆ, ಅರ್ಥವನ್ನು ಬಿಟ್ಟಿದ್ದಾನೆ. ಎರಡನೆಯವನು ಅರ್ಥವನ್ನು ಹಿಡಿದಿದ್ದಾನೆ, ಆದರೆ ಕೂಡಿಸುವ ಕೆಲಸವನ್ನು ತಾನೇ ಮಾಡಿದ್ದರಿಂದ ಅದು ಸ್ವಂತ ಸಂಶೋಧನೆಯಾಗಿ ನಿಯಮಕ್ಕೆ ವಿರುದ್ಧವಾಗುತ್ತದೆ. ತುಳುವರು ತಮ್ಮನ್ನು ಕನ್ನಡದ ಲೆಕ್ಕಕ್ಕೆ ಸೇರಿಸಿಕೊಳ್ಳಲು ಒಪ್ಪಿದ್ದಾರೆಯೇ ಎಂಬ ಮೂರನೆಯ ಪ್ರಶ್ನೆಯೂ ಇದೆ. ತುಳು ವಿಕಿಪೀಡಿಯ 2016ರ ಆಗಸ್ಟಿನಲ್ಲಿ ತಾನೇ ಒಂದು ಮನೆ ಮಾಡಿಕೊಂಡಿದೆ.

ಗಡಿಯ ವಿಷಯದಲ್ಲಂತೂ ಪ್ರತಿ ವಿಶೇಷಣವೂ ಒಂದೊಂದು ಕಿಡಿ. ರಾಜ್ಯಗಳ ಗಡಿವಿವಾದ ಪರಿಶೀಲಿಸಲು 1966ರಲ್ಲಿ ನೇಮಕಗೊಂಡ ಮಹಾಜನ್ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಇಷ್ಟು ಸಂಗತಿ. ‘ಕನ್ನಡಿಗರಿಗೆ ಆದ ಅನ್ಯಾಯ’ ಎಂಬುದು ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಬದುಕಿಡೀ ಹೇಳಿದ ಮಾತು. ಅವರ ಮಾತು ಎಂದು ಬರೆದರೆ ಅದಕ್ಕೆ ವಿಶ್ವಕೋಶದಲ್ಲಿ ಜಾಗವಿದೆ, ವಿಶ್ವಕೋಶವೇ ಹೇಳಿದಂತೆ ಬರೆದರೆ ಇಲ್ಲ. ಈ ವ್ಯತ್ಯಾಸವನ್ನು ಒಪ್ಪಿಕೊಳ್ಳುವುದು ನನಗೇ ಬಹಳ ದಿನ ಕಷ್ಟವಾಗಿತ್ತು.

ಇಷ್ಟು ಹೊತ್ತು ಹೇಳಿದ್ದು ಜಗಳಗಳ ಮಾತು. ನನ್ನ ನಿಜವಾದ ಆತಂಕ ಇನ್ನೊಂದು. ಇಂಗ್ಲಿಷ್ ಪುಟಗಳಲ್ಲಿ ಪೆಟ್ಟು ತಿಂದ ಮೇಲೆ ನಾನು ಕನ್ನಡ ವಿಕಿಪೀಡಿಯಕ್ಕೆ ಬಂದೆ. 2003ರಿಂದ ಇರುವ, ಮೂವತ್ತು ಸಾವಿರಕ್ಕಿಂತ ಹೆಚ್ಚು ಲೇಖನಗಳಿರುವ ತಾಣ ಅದು. ಸಂಪಾದಕರು ಸೇರಿ ಮಾತಾಡುವ ಜಾಗಕ್ಕೆ ಅಲ್ಲಿ ‘ಅರಳಿ ಕಟ್ಟೆ’ ಎಂದು ಚೆಂದದ ಹೆಸರಿದೆ. ಮಲಯಾಳದವರು ತಮ್ಮದನ್ನು ‘ಪಂಚಾಯತ್’ ಎನ್ನುತ್ತಾರೆ. ಕಾಸರಗೋಡಿನ ಊರುಗಳ ಕನ್ನಡ ಲೇಖನಗಳನ್ನು ಒಂದೊಂದಾಗಿ ತೆರೆದು ಚರ್ಚೆ ಪುಟಗಳನ್ನು ನೋಡಿದೆ. ನಾನು ನೋಡಿದ ಹೆಚ್ಚಿನವು ಖಾಲಿ. ಎಷ್ಟು ನೆಮ್ಮದಿ ಎಂದು ಮೊದಲು ಅನಿಸಿತು. ಆಮೇಲೆ ಲೇಖನಗಳನ್ನು ಓದಿದೆ. ಐದಾರು ವಾಕ್ಯ, ಅದರಲ್ಲಿ ಎರಡು ವಾಕ್ಯ ದೇವಸ್ಥಾನದ ಆಮಂತ್ರಣ ಪತ್ರಿಕೆಯಿಂದ ಎತ್ತಿದಂತಿರುವುದು, ಮೂಲದ ಉಲ್ಲೇಖವಿಲ್ಲ. ಅಲ್ಲಿ ಸೊನ್ನೆಗಾಗಿ ಜಗಳವಾಡುವವರು ಯಾರೂ ಇರಲಿಲ್ಲ, ಏಕೆಂದರೆ ಓದಿ ತಿದ್ದುವವರೇ ಇರಲಿಲ್ಲ.

ಸಣ್ಣ ವಿಕಿಪೀಡಿಯಗಳ ಮೌನ ಎಷ್ಟು ಅಪಾಯಕಾರಿ ಎಂಬುದಕ್ಕೆ ಎರಡು ಉದಾಹರಣೆಗಳು ಜಗಜ್ಜಾಹೀರಾಗಿವೆ. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದ ಲೇಖನಗಳಲ್ಲಿ ದೊಡ್ಡ ಪಾಲನ್ನು ಆ ಭಾಷೆ ಬಾರದ ಅಮೆರಿಕದ ಒಬ್ಬ ಹುಡುಗ ವರ್ಷಗಟ್ಟಲೆ ಕುಳಿತು, ಇಂಗ್ಲಿಷಿಗೆ ಸ್ಕಾಟ್ಸ್ ವೇಷ ತೊಡಿಸಿ ಬರೆದಿದ್ದ ಎಂಬುದು 2020ರಲ್ಲಿ ಬಯಲಾಯಿತು. ಅವನಿಗೆ ಕೆಟ್ಟ ಉದ್ದೇಶವಿರಲಿಲ್ಲ; ತಡೆದು ಕೇಳುವವರಿರಲಿಲ್ಲ, ಅಷ್ಟೇ. ಕ್ರೊಯೇಷಿಯನ್ ವಿಕಿಪೀಡಿಯದ ಕಥೆ ಇದಕ್ಕಿಂತ ಕರಾಳ. ಅಲ್ಲಿ ಒಂದೇ ಸಿದ್ಧಾಂತದ ಕೆಲವು ನಿರ್ವಾಹಕರು ಸೇರಿಕೊಂಡು ಭಿನ್ನಮತದವರನ್ನು ಹೊರಹಾಕಿ ಇತಿಹಾಸವನ್ನೇ ತಿರುಚಿದ್ದನ್ನು ವಿಕಿಮೀಡಿಯ ಪ್ರತಿಷ್ಠಾನದ 2021ರ ವರದಿ ದಾಖಲಿಸಿತು. ಕನ್ನಡದಲ್ಲಿ ಇಂಥದ್ದು ಆಗಿದೆ ಎಂದು ನಾನು ಹೇಳುತ್ತಿಲ್ಲ. ನಿರ್ವಾಹಕರು ಕೈಬೆರಳೆಣಿಕೆಯಷ್ಟೇ ಇದ್ದು, ಇಂಗ್ಲಿಷಿನಲ್ಲಿರುವಂಥ, ಜಗಳ ತೀರ್ಮಾನಿಸುವ ಪಂಚಾಯಿತಿಕೆ ಸಮಿತಿಯೂ ಇಲ್ಲದ ಜಾಗದಲ್ಲಿ ಒಬ್ಬನ ಹಟವೇ ನಿಯಮವಾಗಲು ಹೆಚ್ಚು ಸಮಯ ಬೇಡ. ಇದರ ಇನ್ನೊಂದು ಮುಖವನ್ನು ಕನ್ನಡ ಕಂಡಿದೆ. 2009ರ ಬಳಿಕ ಗೂಗಲ್ ಕಂಪನಿ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಇಂಗ್ಲಿಷ್ ಲೇಖನಗಳನ್ನು ಯಂತ್ರದ ನೆರವಿನಿಂದ ಅನುವಾದಿಸಿ ತುಂಬಿಸಿತು. ಬಂಗಾಳಿ ಸಂಪಾದಕರು ಗುಣಮಟ್ಟ ಸಾಲದೆಂದು ಜಗಳ ತೆಗೆದು ತಡೆದರು, ತಮಿಳರು ಕುಳಿತು ಮಾತಾಡಿ ಷರತ್ತು ಹಾಕಿದರು. ಕನ್ನಡದಲ್ಲಿ ಆ ಉದ್ದುದ್ದ ಲೇಖನಗಳು ಬಂದು ಕುಳಿತವು. ಅಂದಿನ ಅನುವಾದದ ಮುಗ್ಗರಿಕೆಗಳನ್ನು ತಿದ್ದುವ ಕೆಲಸ ಕೆಲವೇ ಸ್ವಯಂಸೇವಕರ ತಲೆಗೆ ಬಿತ್ತು.

ಜಗಳ ಲೇಖನವನ್ನು ಕೆಡಿಸುತ್ತದೆ ಎಂಬ ಸಾಮಾನ್ಯ ನಂಬಿಕೆಗೆ ವಿರುದ್ಧವಾದ ಸಾಕ್ಷ್ಯವೂ ಇದೆ. 2019ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಗ್ಲಿಷ್ ವಿಕಿಪೀಡಿಯವನ್ನು ಪರಿಶೀಲಿಸಿ, ರಾಜಕೀಯವಾಗಿ ಎದುರುಬದುರಾದ ಸಂಪಾದಕರು ಕೂಡಿ ಬರೆದ ಲೇಖನಗಳು ಒಂದೇ ಪಕ್ಷದವರು ಅಥವಾ ನಡುವಿನವರು ಬರೆದವುಗಳಿಗಿಂತ ಉತ್ತಮ ಗುಣಮಟ್ಟದವು ಎಂದು ತೋರಿಸಿತು. ಅಂಥ ಲೇಖನಗಳ ಚರ್ಚೆ ದೀರ್ಘವಾಗಿತ್ತು, ನಿಯಮಗಳ ಉಲ್ಲೇಖವೂ ಹೆಚ್ಚಿತ್ತು. ಗಡಿನಾಡಿಗೆ ಇದರ ಅರ್ಥ ಸ್ಪಷ್ಟ. ಕಾಸರಗೋಡಿನ ಬಗ್ಗೆ ಕನ್ನಡಿಗರು ಮಾತ್ರ ಬರೆದ ಕನ್ನಡ ಲೇಖನವೂ ಮಲಯಾಳಿಗಳು ಮಾತ್ರ ಬರೆದ ಮಲಯಾಳ ಲೇಖನವೂ ಎರಡು ಕಿಟಕಿಗಳಿದ್ದಂತೆ. ಒಂದೊಂದರಿಂದಲೂ ಮನೆಯ ಅರ್ಧ ಅಂಗಳವಷ್ಟೇ ಕಾಣುತ್ತದೆ. ಎರಡೂ ಭಾಷೆಯನ್ನು ಓದಿ ಬರೆಯಬಲ್ಲವರು ಈ ಜಿಲ್ಲೆಯಲ್ಲಿ ಇರುವಷ್ಟು ಬೇರೆಲ್ಲಿ ಇದ್ದಾರು? ಆದರೆ ಅವರು ವಾದ ಮಾಡುವುದು ವಾಟ್ಸಾಪ್ ಗುಂಪುಗಳಲ್ಲಿ. ಅಲ್ಲಿ ಗೆದ್ದರೂ ಸೋತರೂ ನಾಳೆಗೆ ಏನೂ ಉಳಿಯುವುದಿಲ್ಲ.

ಅಚ್ಚಾದ ಆಧಾರವೇ ಇಲ್ಲದ ಸಂಗತಿಗಳ ಗತಿಯೇನು ಎಂಬ ಪ್ರಶ್ನೆ ಹಾಗೆಯೇ ಇದೆ. ನೀಲೇಶ್ವರದ ಪಾಲಂತಾಯಿ ಕಣ್ಣನ ಕಥೆಯೊಂದಿಗೆ ಹೆಣೆದುಕೊಂಡ ವಿಷ್ಣುಮೂರ್ತಿ ಎಂಬ ದೈವ ದಕ್ಷಿಣಕ್ಕೆ ಹೋದರೆ ತೆಯ್ಯಂ, ತುಳು ನೆಲದಲ್ಲಿ ಒತ್ತೆಕೋಲ. ಕಥೆಯ ಪ್ರಕಾರ ಕಣ್ಣನೇ ಮಂಗಳೂರಿನ ಕಡೆಯಿಂದ ಈ ದೈವವನ್ನು ದಕ್ಷಿಣಕ್ಕೆ ತಂದವನು. ಅದರ ಪಾಡ್ದನ, ತೋಟ್ಟಂ ಎಂಬ ಹಾಡುಗಳು ದೈವ ಕಟ್ಟುವವರ ಬಾಯಲ್ಲಿವೆ. ಕಟ್ಟೆಯಿಂದ ಕಟ್ಟೆಗೆ ವಿವರ ಬದಲಾಗುತ್ತದೆ. 2011ರಲ್ಲಿ ಅಚಲ್ ಪ್ರಭಲ ಮತ್ತು ಸಂಗಡಿಗರು ಭಾರತ ಮತ್ತು ದಕ್ಷಿಣ ಆಫ್ರಿಕದಲ್ಲಿ ಜನರ ಬಾಯಿಮಾತನ್ನು ಧ್ವನಿಮುದ್ರಿಸಿ ಅದನ್ನೇ ಮೂಲವಾಗಿ ಬಳಸುವ ಪ್ರಯೋಗ ಮಾಡಿದರು. ಕೇರಳದಲ್ಲೂ ಅದು ನಡೆಯಿತು. ಇಂಗ್ಲಿಷ್ ಸಂಪಾದಕರು ಅದನ್ನು ಒಪ್ಪಲಿಲ್ಲ. ಅವರ ಹೆದರಿಕೆ ಪೂರ್ತಿ ಸುಳ್ಳಲ್ಲ. ಯಾರು ಬೇಕಾದರೂ ಯಾರದೋ ಮಾತನ್ನು ಮುದ್ರಿಸಿ ಆಧಾರ ಎನ್ನಬಹುದು. ಆದರೆ ಅಚ್ಚಿನ ಪುಸ್ತಕ ಬರೆದವನೂ ಅದೇ ಬಾಯಿಮಾತನ್ನು ಕೇಳಿ ಬರೆದದ್ದು ಎಂಬುದನ್ನೂ ನೆನಪಿಡಬೇಕು.

ಪರದೆಯ ಆಚೆಯವನ ಹೆಸರು ತಿಳಿಯದಿರುವುದು ಈ ಜಗಳಗಳ ದೌರ್ಬಲ್ಯ ಎಂದು ಮೇಲೆ ಹೇಳಿದಂತಾಯಿತು. ಅದು ರಕ್ಷಣೆಯೂ ಹೌದು. ತನ್ನ ಬಗೆಗಿನ ಲೇಖನದ ವಿರುದ್ಧ ಎಎನ್‌ಐ ಸುದ್ದಿಸಂಸ್ಥೆ 2024ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದಾಗ, ಆ ಲೇಖನವನ್ನು ತಿದ್ದಿದ ಸ್ವಯಂಸೇವಕರು ಯಾರು ಎಂಬ ವಿವರವನ್ನೂ ಕೇಳಲಾಯಿತು. ಗಡಿ, ಭಾಷೆ, ದೇವಸ್ಥಾನದಂಥ ವಿಷಯಗಳಲ್ಲಿ ಬರೆಯುವ ಸಣ್ಣ ಊರಿನ ಸಂಪಾದಕನಿಗೆ ಇದರಿಂದ ಮೈ ಜುಮ್ಮೆನ್ನುವುದು ಸಹಜ. ದೆಹಲಿಯಲ್ಲಿ ಮೊಕದ್ದಮೆ ನಡೆದರೆ ನಮ್ಮ ಜಿಲ್ಲೆಯ ಬದಿಯಡ್ಕದಲ್ಲಿ ಕುಳಿತವನು ಸೊನ್ನೆ ತಿದ್ದಲು ಹಿಂಜರಿಯುತ್ತಾನೆ.

ನಮ್ಮೂರ ಪುಟದ ಕಥೆಗೆ ಬರುತ್ತೇನೆ. ಎಚ್ಚರಿಕೆ ಬಂದ ಕೆಲವು ವಾರಗಳ ಮೇಲೆ ನಾನು ಇಂಗ್ಲಿಷ್ ಚರ್ಚೆ ಪುಟದಲ್ಲಿ ಬರೆದೆ: ಮದರಾಸು ಕಾಲದ ದಾಖಲೆಯಲ್ಲಿ ಹೀಗಿದೆ, ಪುಟಸಂಖ್ಯೆ ಇದು. ಎದುರಿನವರು ಎರಡು ದಿನದಲ್ಲಿ ಉತ್ತರಿಸಿದರು. ಪಂಚಾಯತಿನ ಇಂದಿನ ದಾಖಲೆಯ ಕೊಂಡಿ ಕೊಟ್ಟರು, ತಾನು ಚೆರುವತ್ತೂರಿನವನು, ಕನ್ನಡ ಓದಲು ಬರುವುದಿಲ್ಲ, ನೀವು ಹೇಳಿದ ಪುಟದ ಚಿತ್ರ ಕಳಿಸಬಹುದೇ ಎಂದು ಕೇಳಿದರು. ಅಲ್ಲಿಂದ ಹದಿನಾಲ್ಕು ಸಲ ಉತ್ತರ ಪ್ರತ್ಯುತ್ತರವಾಗಿ, ಎರಡು ಹೆಸರೂ ಎರಡು ಮೂಲಗಳೊಂದಿಗೆ ಮೊದಲ ಸಾಲಿನಲ್ಲಿ ಉಳಿದವು. ಇಬ್ಬರಿಗೂ ಪೂರ್ತಿ ಸಮಾಧಾನವಿಲ್ಲ. ಅದೇ ವಾರ ಅದೇ ಊರಿನ ಕನ್ನಡ ಪುಟದ ಚರ್ಚೆಯಲ್ಲೂ ಒಂದು ಪ್ರಶ್ನೆ ಹಾಕಿದ್ದೆ: ಇಲ್ಲಿ ಹೇಳಿರುವ ದೇವಸ್ಥಾನದ ಕಾಲಕ್ಕೆ ಯಾವ ಶಾಸನದ ಆಧಾರವಿದೆ? ಮೊನ್ನೆ ಹೋಗಿ ನೋಡಿದೆ. ಆ ಪುಟದಲ್ಲಿ ಈಗಲೂ ಇರುವುದು ನನ್ನ ಆ ಒಂದು ಸಾಲು, ಅದರ ಕೆಳಗೆ ನನ್ನದೇ ಸಹಿ.